ನುಡಿಯ ತವರು: ‘ಬಾ’ ಎಂಬ ಕರೆ ಎಲ್ಲಿಂದ ಬಂದಿತು?



ಬೆಂಗಳೂರಿನ ಹನುಮಂತನಗರದಿಂದ ಹಿರಿಯ ಓದುಗರೊಬ್ಬರು ಈ ಅಂಕಣಕ್ಕೆ ದೀರ್ಘವಾದ ಪತ್ರವೊಂದನ್ನು ಬರೆದಿದ್ದಾರೆ. ರಾಮಾಂಜನೇಯ ಗುಡ್ಡಕ್ಕೆ ಸಮೀಪದ ಅಡ್ಡರಸ್ತೆಯೊಂದರಲ್ಲಿ ಅವರ ಮನೆ. ಪಕ್ಕದಲ್ಲಿ ತಮಿಳು ಮನೆಮಾತಿನ ಕುಟುಂಬ, ಎದುರಿಗೆ ತೆಲುಗು ಮನೆಮಾತಿನವರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಬೀದಿಯಲ್ಲಿ ಆಡುವ ಮಕ್ಕಳನ್ನು ಒಂದು ಮನೆಯ ತಾಯಿ ‘ಬಾ’ ಎಂದೂ, ಇನ್ನೊಂದು ಮನೆಯ ತಾಯಿ ‘ವಾ’ ಎಂದೂ, ಮತ್ತೊಂದು ಮನೆಯ ತಾಯಿ ‘ರಾ’ ಎಂದೂ ಕರೆಯುವುದನ್ನು ಅನೇಕ ವರ್ಷಗಳಿಂದ ಕೇಳುತ್ತ ಬಂದವರು ಅವರು. ಹಬ್ಬ ಹರಿದಿನಗಳಲ್ಲಿ ಮೂರು ಮನೆಗಳ ನಡುವೆ ಹೋಳಿಗೆ, ಪೊಂಗಲು, ಬೂರೆಲು ಓಡಾಡುತ್ತಿದ್ದವಂತೆ.

2025ರ ಮೇ ತಿಂಗಳಲ್ಲಿ ಚೆನ್ನೈಯ ಚಲನಚಿತ್ರ ಸಮಾರಂಭವೊಂದರಲ್ಲಿ ನಟ ಕಮಲ್ ಹಾಸನ್ ಅವರು ಕನ್ನಡವು ತಮಿಳಿನಿಂದ ಹುಟ್ಟಿತೆಂಬ ಮಾತನ್ನಾಡಿ, ಅದು ನಾಡಿನಲ್ಲೆಲ್ಲ ಕೋಲಾಹಲವನ್ನೆಬ್ಬಿಸಿ, ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿದ ಸಂಗತಿ ತಮಗೆಲ್ಲ ವಿದಿತವೇ ಇದೆ. ಆ ದಿನಗಳಲ್ಲಿ ಪತ್ರಲೇಖಕರ ಮೊಮ್ಮಗನಿಗೂ ಪಕ್ಕದ ಮನೆಯ ಹುಡುಗನಿಗೂ ವಾದ ಹತ್ತಿತು. “ನಿಮ್ಮ ‘ಬಾ’ ನಮ್ಮ ‘ವಾ’ದ ಮಗು” ಎಂದು ಆತ, “ಸುಳ್ಳು” ಎಂದು ಈತ. ನಡುವೆ ಬಂಧುಗಳೊಬ್ಬರು ಪ್ರವೇಶಿಸಿ, “ಎರಡೂ ಸಂಸ್ಕೃತದಿಂದಲೇ ಹುಟ್ಟಿದವು, ನಿಮ್ಮ ಜಗಳ ವ್ಯರ್ಥ” ಎಂದು ತೀರ್ಪು ಕೊಟ್ಟರಂತೆ. ಪಿಯುಸಿಯವರೆಗೆ ಒಂದೇ ಬೆಂಚಿನಲ್ಲಿ ಕುಳಿತು ಓದಿದ ಆ ಇಬ್ಬರು ಹುಡುಗರು ಅಂದಿನಿಂದ ಪರಸ್ಪರ ಮಾತನಾಡುತ್ತಿಲ್ಲ. “ಸ್ವಾಮಿ, ಇವರಲ್ಲಿ ಯಾರ ಮಾತು ಸತ್ಯ? ‘ಬಾ’ ಎಂಬುದರ ಮೂಲವೇನು?” ಎಂಬುದು ಅವರ ಪ್ರಶ್ನೆ.

ಪ್ರಶ್ನೆ ಒಂದಕ್ಷರದ್ದು. ಉತ್ತರಕ್ಕಾಗಿ ಮಾತ್ರ ನಾವು ಬಲೂಚಿಸ್ತಾನದವರೆಗೆ, ಒಂದು ಕ್ಷಣ ಯುರೋಪಿನವರೆಗೂ ಹೋಗಿ ಬರಬೇಕಾಗುತ್ತದೆ.

ನಾವು ಮಠದ ಪಾಠಶಾಲೆಯಲ್ಲಿ ಶಬ್ದಮಣಿದರ್ಪಣವನ್ನು ಕಂಠಪಾಠ ಮಾಡುತ್ತಿದ್ದ ಕಾಲದಲ್ಲಿ ‘ಬರ್’ ಎಂಬುದು ಧಾತು, ಕ್ರಿಯಾಪದಕ್ಕೆ ಅದೇ ಮೂಲ ಎಂದು ಕಲಿತೆವು. ಹದಿಮೂರನೆಯ ಶತಮಾನದ ಕೇಶಿರಾಜನಿಗೆ ಧಾತುವೇ ಕೊನೆಯ ಮಜಲು. ಆ ಧಾತು ಎಲ್ಲಿಂದ ಬಂದಿತೆಂದು ಆತ ಕೇಳಲಿಲ್ಲ. ಆ ಕಾಲದ ವೈಯಾಕರಣರಾರೂ ಕೇಳುತ್ತಿರಲಿಲ್ಲ. ಧಾತುವಿನ ಹಿಂದಕ್ಕೂ ಒಂದು ದಾರಿಯಿದೆ ಎಂಬುದನ್ನು ಜಗತ್ತು ಕ್ರಮಬದ್ಧವಾಗಿ ಅರಿತದ್ದು ಕಳೆದ ಇನ್ನೂರು ವರ್ಷಗಳಿಂದೀಚೆಗೆ. ಆ ದಾರಿಯನ್ನು ಮೊದಲು ಚೆನ್ನಾಗಿ ತುಳಿದದ್ದು ಯುರೋಪಿನ ಭಾಷೆಗಳಲ್ಲಿ. ಆದುದರಿಂದ ವಿಧಾನವನ್ನು ಅಲ್ಲಿಯ ಉದಾಹರಣೆಯಿಂದಲೇ ತಿಳಿಯುವುದು ಸುಲಭ. ಅದೃಷ್ಟವಶಾತ್ ಆ ಉದಾಹರಣೆಯೂ ‘ಬಾ’ ಎಂಬ ಅರ್ಥದ ಕ್ರಿಯಾಪದವೇ ಆಗಿದೆ.

ಇಂಗ್ಲಿಷಿನಲ್ಲಿ ‘ಕಮ್’, ಜರ್ಮನ್ ಭಾಷೆಯಲ್ಲಿ ‘ಕೊಮ್ಮೆನ್’, ಸ್ವೀಡಿಷಿನಲ್ಲಿ ‘ಕೊಮ್ಮ’. ನಾಲ್ಕನೆಯ ಶತಮಾನದಲ್ಲಿ ವುಲ್ಫಿಲ ಎಂಬ ಬಿಷಪ್ಪನು ಬೈಬಲನ್ನು ಗಾಥಿಕ್ ಎಂಬ ಭಾಷೆಗೆ ತಂದನು. ಅದರಲ್ಲಿ ಇದೇ ಕ್ರಿಯಾಪದ ‘ಕ್ವಿಮನ್’ ಎಂದಿದೆ. ಇವೆಲ್ಲವನ್ನೂ ಸಾಲಾಗಿ ಇರಿಸಿ, ಪ್ರತಿಯೊಂದು ಧ್ವನಿಯ ಲೆಕ್ಕವನ್ನೂ ಹೊಂದಿಸಿ, ಇವುಗಳ ಸಮಾನ ಪೂರ್ವಜನಾದ ಮೂಲ ಜರ್ಮಾನಿಕ್ ಭಾಷೆಯಲ್ಲಿ ಧಾತುವು ‘*ಕ್ವೆಮ್’ ಎಂದಿದ್ದಿರಬೇಕೆಂದು ವಿದ್ವಾಂಸರು ನಿರ್ಣಯಿಸಿದರು. ಈ ರೂಪವನ್ನು ಯಾವ ಶಿಲೆಯಲ್ಲಿಯೂ ಯಾವ ಹಸ್ತಪ್ರತಿಯಲ್ಲಿಯೂ ಯಾರೂ ಕಂಡಿಲ್ಲ. ಆದುದರಿಂದಲೇ ಅದರ ತಲೆಯ ಮೇಲೊಂದು ನಕ್ಷತ್ರ. ‘ಇದು ಕಂಡದ್ದಲ್ಲ, ಊಹಿಸಿ ಕಟ್ಟಿದ್ದು’ ಎಂದು ಓದುಗರಿಗೆ ಪ್ರಾಮಾಣಿಕವಾಗಿ ತಿಳಿಸುವ ಆ ಚಿಹ್ನೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಆಗಸ್ಟ್ ಶ್ಲೈಖರ್ ಎಂಬ ಜರ್ಮನ್ ವಿದ್ವಾಂಸನು ರೂಢಿಗೆ ತಂದನು.

ಊಹೆ ಎಂದಾಕ್ಷಣ ಮನಬಂದಂತೆ ಹೇಳಿದ ಮಾತೆಂದು ಭಾವಿಸಲಾಗದು. ಸಂಸ್ಕೃತದ ‘ಗಮ್’ ಧಾತುವು ಈ ‘*ಕ್ವೆಮ್’ನ ದಾಯಾದಿ. ಗ್ರೀಕಿನಲ್ಲಿ ಅದೇ ಮೂಲದಿಂದ ‘ಬೈನೋ’ ಎಂಬ ಕ್ರಿಯಾಪದ ಬಂದಿದೆ. ಗಕಾರ, ಕಕಾರ, ಬಕಾರ ಎಲ್ಲಿಂದೆಲ್ಲಿಗೆ ಎಂದು ಆಶ್ಚರ್ಯವಾಗಬಹುದು. ಇನ್ನೊಂದು ಶಬ್ದವನ್ನು ನೋಡಿರಿ: ಸಂಸ್ಕೃತದ ‘ಗೋ’, ಇಂಗ್ಲಿಷಿನ ‘ಕೌ’, ಗ್ರೀಕಿನ ‘ಬೌಸ್’, ಮೂರಕ್ಕೂ ಅರ್ಥ ಒಂದೇ. ಮತ್ತೆ ಅದೇ ಗಕಾರ, ಕಕಾರ, ಬಕಾರ! ಒಂದು ಶಬ್ದದಲ್ಲಿ ಕಂಡ ವ್ಯತ್ಯಾಸವು ಮತ್ತೊಂದು ಶಬ್ದದಲ್ಲಿಯೂ ಹಾಗೆಯೇ ಮರುಕಳಿಸಿದರೆ ಅದು ಆಕಸ್ಮಿಕವಲ್ಲ, ನಿಯಮ. ಜರ್ಮಾನಿಕ್ ಭಾಷೆಗಳ ಇಂತಹ ನಿಯಮಗಳನ್ನು ಯಾಕೋಬ್ ಗ್ರಿಮ್ 1822ರಲ್ಲಿ ವಿಶದಪಡಿಸಿದನು. ಮಕ್ಕಳ ಕಥೆಗಳನ್ನು ಸಂಗ್ರಹಿಸಿದ ಗ್ರಿಮ್ ಸಹೋದರರಲ್ಲಿ ಹಿರಿಯನು ಈತನೇ.

ಇಲ್ಲಿಯೇ ಒಂದು ಎಚ್ಚರಿಕೆ. ಗ್ರೀಕಿನ ‘ಬೈನೋ’ದಲ್ಲಿ ನಮ್ಮ ‘ಬಾ’ ಕೇಳಿಸಿತೆಂದು ಹಿಗ್ಗುವವರುಂಟು. ಆ ಬಕಾರವು ಹಳೆಯ ಗಕಾರವೊಂದರ ಮಾರ್ಪಾಡು. ನಮ್ಮ ಬಕಾರದ ಕಥೆಯೇ ಬೇರೆ. ಮುಖಸಾಮ್ಯದಿಂದ ಬಳಗವನ್ನು ನಿರ್ಧರಿಸುವುದಾದರೆ ಸಂತೆಯಲ್ಲಿ ಸಿಕ್ಕವರೆಲ್ಲ ಸೋದರಮಾವಂದಿರಾದಾರು.

ಈಗ ನಮ್ಮ ಮನೆಗೆ ಬರೋಣ.

ತಮಿಳಿನ ‘ವಾ’ ಕನ್ನಡದಲ್ಲಿ ‘ಬಾ’. ಇದೊಂದೇ ಆಗಿದ್ದರೆ ನಾವು ಏನನ್ನೂ ಹೇಳುವಂತಿರಲಿಲ್ಲ. ಆದರೆ ತಮಿಳಿನ ವಾಯ್ ನಮ್ಮ ಬಾಯಿ. ಅವರ ವಿಲ್ ನಮ್ಮ ಬಿಲ್ಲು. ಅವರ ವೇರ್ ನಮ್ಮ ಬೇರು. ವೆಳ್ಳಿ ನಮ್ಮ ಬೆಳ್ಳಿ. ವಳೈ ನಮ್ಮ ಬಳೆ. ವಯಲ್ ನಮ್ಮ ಬಯಲು. ವಯಿಱು ನಮ್ಮ ಬಸಿರು. ಪದಾದಿಯ ವಕಾರವು ಕನ್ನಡದಲ್ಲಿ ಬಕಾರವಾದುದು ಸಾರ್ವತ್ರಿಕವಾದ ನಿಯಮ. ಸಂಸ್ಕೃತದಿಂದ ಬಂದ ಶಬ್ದಗಳನ್ನೂ ಕನ್ನಡದ ನಾಲಗೆ ಬಿಡಲಿಲ್ಲ: ವನವು ಬನವಾಯಿತು, ವರ್ಣವು ಬಣ್ಣವಾಯಿತು, ವೀಥಿಯು ಬೀದಿಯಾಯಿತು. ವೃಷಭ ಶಬ್ದವು ಪ್ರಾಕೃತದ ಮೂಲಕ ಹಾದು ‘ಬಸವ’ ಎಂದಾದುದೂ ಇದೇ ನಿಯಮಕ್ಕೆ ಒಳಪಟ್ಟು. ಹನುಮಂತನಗರದ ನೆರೆಯಲ್ಲಿರುವ ಬಸವನಗುಡಿಯ ಹೆಸರಿನ ಮೊದಲಕ್ಷರವೂ, ಮಗುವನ್ನು ಕರೆಯುವ ‘ಬಾ’ ಎಂಬ ಅಕ್ಷರವೂ ಒಂದೇ ಧ್ವನಿಪರಿವರ್ತನೆಯ ಫಲ.

ಈ ಪರಿವರ್ತನೆ ಎಷ್ಟು ಹಳೆಯದು? ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರಿಗೆ ದೊರೆತ ಶಾಸನವನ್ನು ಸುಮಾರು ಕ್ರಿ.ಶ. 450ರದೆಂದು ಎಣಿಸುವುದು ವಾಡಿಕೆ. ಅದರಲ್ಲಿ ‘ಬಾಳ್ಗಳ್ಚು’ ಎಂಬ ಶಬ್ದವಿದೆ. ಬಾಳ್ ಎಂದರೆ ಕತ್ತಿ. ಕತ್ತಿಯನ್ನು ತೊಳೆದು, ಎಂದರೆ ವೀರನನ್ನು ಗೌರವಿಸಿ ಕೊಟ್ಟ ದತ್ತಿ ಅದು. ತಮಿಳಿನಲ್ಲಿ ಇದೇ ಕತ್ತಿ ‘ವಾಳ್’. ಅಂದಮೇಲೆ ಕನ್ನಡದ ಮೊತ್ತಮೊದಲ ದೀರ್ಘ ಶಾಸನ ಹುಟ್ಟುವ ವೇಳೆಗೇ ವಕಾರವು ಬಕಾರವಾಗಿ ಮುಗಿದಿತ್ತು. ಅದೇ ಶಾಸನದಲ್ಲಿ ‘ಪಲ್ಮಿಡಿ’ ಎಂದು ಓದಲಾಗಿರುವ ಊರಿನ ಹೆಸರು ಇಂದು ‘ಹಲ್ಮಿಡಿ’. ಪಕಾರವು ಹಕಾರವಾದುದು ಶತಮಾನಗಳಷ್ಟು ತಡವಾಗಿ. ‘ಬಾ’ದ ಬಕಾರವು ‘ಹೋಗು’ವಿನ ಹಕಾರಕ್ಕಿಂತ ಬಹಳ ಹಿರಿಯದು.

ತೆಲುಗಿನ ‘ರಾ’ ಎಂಬುದನ್ನು ಕೇಳಿದವರಿಗೆ ಅದು ಬೇರೆಯೇ ಶಬ್ದವೆಂದು ತೋರುವುದು ಸಹಜ. ಹಾಗಲ್ಲ. ತೆಲುಗಿಗೆ ಪದದ ನಡುವಣ ರಕಾರವನ್ನು ಮುಂದಕ್ಕೆ ಎಳೆದುಕೊಳ್ಳುವ ಅಭ್ಯಾಸವಿದೆ. ನಮ್ಮ ‘ಎರಡು’ ಅವರಲ್ಲಿ ‘ರೆಂಡು’. ತಮಿಳಿನ ‘ವರೈ’, ನಮ್ಮ ‘ಬರೆ’ ಎಂಬ ಕ್ರಿಯಾಪದವು ಅವರ ಹಳೆಯ ಗ್ರಂಥಗಳಲ್ಲಿ ‘ವ್ರಾಯು’, ಈಗ ‘ರಾಯು’. ಅದೇ ರೀತಿ ‘ವರ’ ಎಂಬುದು ‘ವ್ರಾ’ ಆಗಿ, ವಕಾರ ಕಳಚಿಬಿದ್ದು ‘ರಾ’ ಉಳಿಯಿತು. ‘ಬರುವುದು’ ಎಂಬುದಕ್ಕೆ ತೆಲುಗಿನವರು ‘ವಚ್ಚು’ ಎನ್ನುವಾಗ ಆ ವಕಾರವು ಇಂದಿಗೂ ಮುಖ ತೋರಿಸುತ್ತದೆ.

ಹೆಜ್ಜೆ ಮುಂದಿಟ್ಟರೆ ಬಳಗ ದೊಡ್ಡದಾಗುತ್ತದೆ. ಕೊಡವ ಭಾಷೆಯಲ್ಲಿ ‘ಬರ್’. ಮಂಗಳೂರು, ಕಾಸರಗೋಡಿನ ತುಳುವಿನಲ್ಲಿ ‘ಬರ್ಪಿನಿ’, ಕರೆಯುವಾಗ ‘ಬಲ’. ಮಧ್ಯಭಾರತದ ಗೊಂಡರಲ್ಲಿ ‘ವಾಯಾನಾ’. ಒಡಿಶಾದ ಕುಯಿ ಜನರಲ್ಲಿ ‘ವಾವ’. ಝಾರ್ಖಂಡದ ಕುರುಖ್ ಭಾಷೆಯಲ್ಲಿ ‘ಬರ್ನಾ’. ರಾಜಮಹಲ್ ಬೆಟ್ಟಗಳ ಮಾಲ್ತೋದಲ್ಲಿ ‘ಬರೆ’. ಕಡೆಗೆ ಇಂದಿನ ಪಾಕಿಸ್ತಾನದ ಬಲೂಚಿಸ್ತಾನದಲ್ಲಿ, ಸುತ್ತಲೂ ಇರಾನಿ ವರ್ಗದ ಭಾಷೆಗಳ ನಡುವೆ ಉಳಿದಿರುವ ಬ್ರಾಹುಯಿಯಲ್ಲಿಯೂ ‘ಬರ್’ ಎಂಬ ಪ್ರಕೃತಿ ದೊರೆಯುತ್ತದೆ. ಕುರುಖ್ ಮತ್ತು ಬ್ರಾಹುಯಿಗಳ ಬಕಾರವು ನಮ್ಮಂತೆಯೇ ಇದ್ದರೂ ಅದು ಅವರಲ್ಲಿ ಪ್ರತ್ಯೇಕವಾಗಿ ನಡೆದ ಮಾರ್ಪಾಡು. ಒಂದೇ ತಾಯಿಯ ಮಕ್ಕಳು ದೂರದ ಊರುಗಳಲ್ಲಿದ್ದು ಒಂದೇ ಬಣ್ಣದ ಬಟ್ಟೆ ಕೊಂಡಂತೆ ಅಷ್ಟೆ.

ಈ ಭಾಷೆಗಳನ್ನೆಲ್ಲ ಒಂದೆಡೆ ಕೂಡಿಸುವುದು ಒಬ್ಬರ ಕೆಲಸವಾಗಿರಲಿಲ್ಲ. ದಕ್ಷಿಣದ ಭಾಷೆಗಳು ಸಂಸ್ಕೃತಜನ್ಯವಲ್ಲ, ತಮ್ಮದೇ ಕುಲದವು ಎಂಬುದನ್ನು ಮದರಾಸಿನ ಅಧಿಕಾರಿ ಎಫ್.ಡಬ್ಲ್ಯು. ಎಲ್ಲಿಸ್ 1816ರಲ್ಲಿ ತಮಿಳು, ತೆಲುಗು, ಕನ್ನಡ ಧಾತುಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದರು. ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ತೌಲನಿಕ ವ್ಯಾಕರಣವನ್ನೇ ರಚಿಸಿದರು. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟನ್ನು ತೆರೆದರೆ ಕನ್ನಡ ಶಬ್ದದ ಪಕ್ಕದಲ್ಲಿ ಸೋದರ ಭಾಷೆಗಳ ರೂಪಗಳು ಇಂದಿಗೂ ಕಾಣಸಿಗುತ್ತವೆ. ಟಿ. ಬರೋ ಮತ್ತು ಎಂ.ಬಿ. ಎಮೆನೋ ಇವರ ದ್ರಾವಿಡ ಜ್ಞಾತಿಪದಕೋಶವು 1961ರಲ್ಲಿ, ಅದರ ಪರಿಷ್ಕೃತ ಆವೃತ್ತಿಯು 1984ರಲ್ಲಿ ಹೊರಬಂದವು. ಹಾಗೆ ನೋಡಿದರೆ ಆ ಕೋಶದ ಒಂದೊಂದು ನಮೂದೂ ಒಂದೊಂದು ಕೂಡುಕುಟುಂಬದ ಭಾವಚಿತ್ರ.

ಇಷ್ಟು ಸಾಕ್ಷ್ಯವನ್ನು ಮುಂದಿಟ್ಟುಕೊಂಡು ಮೂಲ ದ್ರಾವಿಡದ ರೂಪವನ್ನು ಕಟ್ಟುವಾಗ ಒಂದು ತೊಡಕು ಎದುರಾಯಿತು. ‘ಬಾ’ ಎನ್ನುವಾಗ ದೀರ್ಘ. ‘ಬರುವನು’, ‘ಬಂದನು’ ಎನ್ನುವಾಗ ಹ್ರಸ್ವ. ‘ಬಾರನು’ ಎಂದು ನಿಷೇಧಿಸುವಾಗ ಮತ್ತೆ ದೀರ್ಘ. ತಮಿಳಿನಲ್ಲಿಯೂ ಇದೇ ಕ್ರಮ. ‘ತಾ’ ಎಂಬ ಕ್ರಿಯಾಪದವನ್ನು ನೋಡಿದರೆ ಇದರ ಅವಳಿಯಂತಿದೆ: ತಾ, ತರುವನು, ತಂದನು, ತಾರನು. ಒಂದೇ ಧಾತುವಿನ ಸ್ವರವು ಹೀಗೇಕೆ ಹಿಗ್ಗಿ ಕುಗ್ಗಬೇಕು? ಹೈದರಾಬಾದ್ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಭದ್ರಿರಾಜು ಕೃಷ್ಣಮೂರ್ತಿಯವರು (1928–2012) ಇದಕ್ಕೊಂದು ಸಮಾಧಾನವನ್ನು ಸೂಚಿಸಿದರು. ಮೂಲದಲ್ಲಿ ಸ್ವರದ ಬೆನ್ನಿಗೆ ಹಕಾರವನ್ನು ಹೋಲುವ ಕಂಠದ ಧ್ವನಿಯೊಂದಿತ್ತು. ಅದು ‘*ವಹ್’, ‘*ವಹ್-ರ್’ ಎಂಬಂತಹ ರೂಪ. ಆ ಧ್ವನಿ ಲುಪ್ತವಾಗುವಾಗ ಕೆಲವೆಡೆ ಹಿಂದಿನ ಸ್ವರವನ್ನು ದೀರ್ಘಗೊಳಿಸಿ ಹೋಯಿತು, ಕೆಲವೆಡೆ ಸುಳಿವನ್ನೇ ಬಿಡದೆ ಹೋಯಿತು ಎಂಬುದು ಅವರ ವಾದ. ಹಳೆಯ ತಮಿಳಿನಲ್ಲಿ ಹತ್ತು ಎಂಬುದನ್ನು ಮೂರು ಚುಕ್ಕೆಗಳ ಆಯ್ತಾಕ್ಷರವನ್ನಿಟ್ಟು ‘ಪಃತು’ ಎಂಬಂತೆ ಬರೆಯುತ್ತಿದ್ದರಲ್ಲ, ಆ ಆಯ್ತವೇ ಈ ಧ್ವನಿಯ ಅವಶೇಷ ಎಂದು ಅವರು ತೋರಿಸಿದರು. ಈ ನಿರ್ಣಯವನ್ನು ಎಲ್ಲರೂ ಒಪ್ಪಿಲ್ಲವಾದರೂ ಬಾ–ಬರು, ತಾ–ತರು ಎಂಬ ಅವಳಿಗಳಿಗೆ ಇದಕ್ಕಿಂತ ಹಗುರವಾದ ವಿವರಣೆಯನ್ನು ನಾವು ಕಂಡಿಲ್ಲ.

ಈ ನಕ್ಷತ್ರದ ರೂಪವು ಯಾವ ಕಾಲದ್ದು? ದ್ರಾವಿಡ ಭಾಷೆಗಳ ಇಪ್ಪತ್ತು ರೂಪಗಳ ಶಬ್ದಸಂಪತ್ತನ್ನು ಗಣಕದಿಂದ ತೂಗಿನೋಡಿ 2018ರಲ್ಲಿ ಪ್ರಕಟವಾದ ಅಧ್ಯಯನವು ಈ ಕುಲದ ವಯಸ್ಸನ್ನು ಸುಮಾರು 4,500 ವರ್ಷಗಳೆಂದು ಅಂದಾಜಿಸಿದೆ. ನಮ್ಮ ಡಿ.ಎನ್. ಶಂಕರ ಭಟ್ಟರು ಬರಹಕ್ಕೆ ನಿಲುಕದ ಇಂತಹ ಕಾಲದ ಕನ್ನಡವನ್ನು ಕುರಿತು ಬರೆದ ಗ್ರಂಥಕ್ಕೆ ‘ಕನ್ನಡ ಭಾಷೆಯ ಕಲ್ಪಿತ ಚರಿತ್ರೆ’ ಎಂದು ಹೆಸರಿಟ್ಟರು. ಕಲ್ಪಿತ ಎಂಬುದನ್ನು ಕಟ್ಟುಕಥೆ ಎಂದು ತಿಳಿದವರನ್ನೂ ನಾವು ಕಂಡಿದ್ದೇವೆ! ಧ್ವನಿನಿಯಮಗಳ ಆಧಾರದಿಂದ ಕಲ್ಪಿಸಿಕೊಂಡದ್ದು ಎಂದೇ ಅಲ್ಲಿಯ ಭಾವ.

ಇನ್ನು ಹನುಮಂತನಗರದ ಹುಡುಗರ ಜಗಳಕ್ಕೆ ಬರೋಣ. ಸಂಸ್ಕೃತದ ಪಕ್ಷವನ್ನು ಮೊದಲು ಮುಗಿಸಬಹುದು. ‘ಗಮ್’ ಧಾತುವಿಗೆ ಇಂಗ್ಲಿಷಿನ ‘ಕಮ್’ ನಂಟನೇ ಹೊರತು ಕನ್ನಡದ ‘ಬರ್’ ನಂಟನಲ್ಲ. ಆಗಮನ, ಆಗತ, ಸ್ವಾಗತ ಇವೆಲ್ಲ ನಾವು ಸಂಸ್ಕೃತದಿಂದ ತಂದುಕೊಂಡು ನಮ್ಮವಾಗಿಸಿಕೊಂಡ ಶಬ್ದಗಳು. ಅವು ಮನೆಗೆ ಬಂದ ಸೊಸೆಯಂದಿರು, ಪೂಜ್ಯರು. ‘ಬಾ’ ಮಾತ್ರ ಮನೆಯಲ್ಲಿಯೇ ಹುಟ್ಟಿದ ಮಗಳು.

ತಮಿಳಿನ ಪಕ್ಷಕ್ಕೆ ಸ್ವಲ್ಪ ವಿಸ್ತಾರವಾದ ಉತ್ತರ ಬೇಕು. ಏಕೆಂದರೆ ‘ವಾ’ ಎಂಬುದು ‘ಬಾ’ ಎಂಬುದಕ್ಕಿಂತ ಮೂಲರೂಪಕ್ಕೆ ಹತ್ತಿರವಾಗಿದೆ ಎಂಬುದು ನಿಜ. ಅದನ್ನು ಮುಚ್ಚಿಡುವುದು ಸಲ್ಲದು. ಆದರೆ ಇದೇ ತಕ್ಕಡಿಯಲ್ಲಿ ಬೇರೆ ಶಬ್ದಗಳನ್ನು ಇಟ್ಟು ನೋಡಬೇಕು. ನಮ್ಮ ಕಿವಿ ತಮಿಳಿನಲ್ಲಿ ‘ಚೆವಿ’. ನಮ್ಮ ಗೆಯ್, ಹಳೆಯ ಕೆಯ್, ಅವರಲ್ಲಿ ‘ಚೆಯ್’. ನಮ್ಮ ಕಿರು ಅವರ ‘ಚಿಱು’. ನಮ್ಮ ಕೆಂಪಿನ ‘ಕೆಂ’ ಅವರ ‘ಚೆಂ’. ಇ, ಎ ಸ್ವರಗಳ ಮುಂದೆ ಕಕಾರವು ಚಕಾರವಾಗುವುದು ಜಗತ್ತಿನ ಅನೇಕ ಭಾಷೆಗಳಲ್ಲಿ ಕಂಡುಬರುವ ಮಾರ್ಪಾಡು. ಚಕಾರವು ಹಿಂದಿರುಗಿ ಕಕಾರವಾಗುವುದು ಅತ್ಯಂತ ವಿರಳ. ದೂರದ ಕುರುಖ್ ಭಾಷೆಯಲ್ಲಿ ಕಿವಿಗೆ ‘ಖೆಬ್ದಾ’ ಎನ್ನುತ್ತಾರೆ, ಅಲ್ಲಿಯೂ ಚಕಾರವಿಲ್ಲ. ಮೂಲದಲ್ಲಿದ್ದ ಕಕಾರವನ್ನು ಕನ್ನಡ ಉಳಿಸಿಕೊಂಡಿತು, ತಮಿಳು ಕಳೆದುಕೊಂಡಿತು. ಕನ್ನಡವು ತಮಿಳಿನ ಮಗಳಾಗಿದ್ದರೆ ತಾಯಿ ಕಳೆದುಕೊಂಡ ಒಡವೆ ಮಗಳ ಕೈಗೆ ಬರುವುದು ಹೇಗೆ? ವಕಾರವನ್ನು ತಂಗಿ ಕಳೆದುಕೊಂಡಳು, ಕಕಾರವನ್ನು ಅಕ್ಕ ಕಳೆದುಕೊಂಡಳು. ಎರಡೂ ಒಡವೆಗಳಿದ್ದ ತಾಯಿ ಬೇರೆಯೇ ಇದ್ದಳು. ಅವಳ ಹೆಸರು ನಮಗೆ ಉಳಿದಿಲ್ಲವಾದುದರಿಂದ ಮೂಲ ದ್ರಾವಿಡ ಎಂದು ಕರೆಯುತ್ತೇವೆ.

“ತಮಿಳಿನ ಬರಹ ಕನ್ನಡಕ್ಕಿಂತ ಹಳೆಯದಲ್ಲವೆ?” ಎಂದು ಆ ಹುಡುಗ ಕೇಳಿಯೇ ಕೇಳುತ್ತಾನೆ. ಹೌದು, ಹಳೆಯದು. ತಮಿಳಿನ ಬ್ರಾಹ್ಮಿ ಲಿಪಿಯ ಶಾಸನಗಳು ಕ್ರಿಸ್ತಪೂರ್ವದವು. ಆದರೆ ಮೇಲೆ ಹೇಳಿದ ಗಾಥಿಕ್ ಭಾಷೆಯನ್ನು ನೆನೆಯಿರಿ. ನಾಲ್ಕನೆಯ ಶತಮಾನದಲ್ಲಿ ಅದಕ್ಕೆ ಗ್ರಂಥವಿತ್ತು. ಇಂಗ್ಲಿಷಿಗೆ ಗ್ರಂಥಗಳು ದೊರೆಯುವುದು ಅದಾಗಿ ಮೂರು ಶತಮಾನಗಳ ಮೇಲೆ. ಹಾಗೆಂದು ಇಂಗ್ಲಿಷಿನ ‘ಕಮ್’ ಗಾಥಿಕ್‌ನ ‘ಕ್ವಿಮನ್’ನಿಂದ ಹುಟ್ಟಿತೆಂದು ಯಾವ ವಿದ್ವಾಂಸನೂ ಹೇಳುವುದಿಲ್ಲ. ಅಕ್ಕನು ಮೊದಲು ಬರೆಯಲು ಕಲಿತಳೆಂದ ಮಾತ್ರಕ್ಕೆ ಅವಳು ತಾಯಿಯಾಗುವುದಿಲ್ಲ.

ಧಾತುವಿನ ಮೂಲವನ್ನು ಇಷ್ಟಕ್ಕೆ ಬಿಟ್ಟು ಅದರ ಅರ್ಥದ ಬೆಳವಣಿಗೆಯನ್ನು ನೋಡುವುದು ಇನ್ನೂ ರುಚಿಕರವಾದುದು. ತಮಿಳಿನ ಪ್ರಾಚೀನ ವ್ಯಾಕರಣವಾದ ತೊಲ್ಕಾಪ್ಪಿಯಂ ಒಂದು ಸೂಕ್ಷ್ಮವನ್ನು ಹೇಳುತ್ತದೆ: ‘ವಾ’, ‘ತಾ’ ಎಂಬ ಎರಡು ಕ್ರಿಯೆಗಳು ನಾನು, ನೀನು ಎಂಬವರ ಕಡೆಗೆ ಸಲ್ಲುವಂತಹವು; ಮೂರನೆಯವರ ಕಡೆಗಾದರೆ ಹೋಗುವ, ಕೊಡುವ ಕ್ರಿಯೆಗಳನ್ನೇ ಬಳಸಬೇಕು. ಕನ್ನಡದಲ್ಲಿಯೂ ‘ನಾಳೆ ನಿಮ್ಮ ಮನೆಗೆ ಬರುತ್ತೇನೆ’ ಎನ್ನುತ್ತೇವೆ, ‘ಅವರ ಮನೆಗೆ ಹೋಗುತ್ತೇನೆ’ ಎನ್ನುತ್ತೇವೆ. ಎರಡರಲ್ಲಿಯೂ ನಡೆಯುವ ಕಾಲು ಒಂದೇ. ಎದುರಿನವರನ್ನು ನಮ್ಮವರೆಂದು ಎಣಿಸಿದಾಗ ಕ್ರಿಯಾಪದ ಬದಲಾಗುತ್ತದೆ. ಹೊರಡುವಾಗ ‘ಹೋಗುತ್ತೇನೆ’ ಎನ್ನಬಾರದು, ‘ಹೋಗಿ ಬರುತ್ತೇನೆ’ ಎನ್ನಬೇಕೆಂದು ಮನೆಯ ಹಿರಿಯರು ತಿದ್ದುವುದುಂಟಷ್ಟೆ. ತಮಿಳಿನವರು ‘ಪೋಯಿಟ್ಟು ವರೇನ್’ ಎನ್ನುತ್ತಾರೆ, ತೆಲುಗಿನವರು ‘ವೆಳ್ಳೊಸ್ತಾನು’ ಎನ್ನುತ್ತಾರೆ. ಮೂರರ ಕಡೆಯಲ್ಲಿಯೂ ಕುಳಿತಿರುವುದು ಇದೇ ಧಾತು.

ವಿದ್ಯೆಯೂ ನಮ್ಮಲ್ಲಿಗೆ ಬರತಕ್ಕದ್ದೇ. ‘ನನಗೆ ಕನ್ನಡ ಬರುತ್ತದೆ’, ‘ಎನಕ್ಕು ತಮಿೞ್ ವರುಂ’, ‘ನಾಕು ತೆಲುಗು ವಚ್ಚು’. ನಾನು ವಿದ್ಯೆಯನ್ನು ಗೆದ್ದೆನೆಂದು ಈ ಭಾಷೆಗಳು ಹೇಳುವುದಿಲ್ಲ.

ಇಲ್ಲಿಂದ ಒಂದು ಹೆಜ್ಜೆ ಮುಂದಿಟ್ಟು ಕನ್ನಡವೂ ತೆಲುಗೂ ಈ ಧಾತುವನ್ನು ವ್ಯಾಕರಣದ ಸಲಕರಣೆಯನ್ನಾಗಿ ಮಾಡಿಕೊಂಡವು. ಹಳಗನ್ನಡದ ‘ಬರ್ಪುದು’ ಎಂಬುದು ‘ಬಪ್ಪುದು’ ಎಂದಾಗಿ, ಪಕಾರವು ಹಕಾರವಾದಾಗ ‘ಬಹುದು’ ಆಯಿತು. ‘ಮಾಡಬಹುದು’ ಎಂದರೆ ‘ಮಾಡಲು ಬರುವುದು’, ಸಾಧ್ಯವಾಗುವುದು. ‘ನಾಳೆ ಮಳೆ ಬರಬಹುದು’ ಎನ್ನುವಾಗ ಒಂದೇ ಧಾತುವನ್ನು ಎರಡು ಸಲ ನುಡಿಯುತ್ತಿದ್ದೇವೆಂಬ ಅರಿವು ಯಾರಿಗೂ ಇರುವುದಿಲ್ಲ. ತೆಲುಗಿನ ‘ಚೇಯವಚ್ಚು’ ಎಂಬುದು ಅಕ್ಷರಶಃ ನಮ್ಮ ‘ಮಾಡಬಹುದು’. ‘ಚೇಯರಾದು’ ಎಂಬುದು ನಮ್ಮ ‘ಮಾಡಬಾರದು’. ತಮಿಳು ಮಾತ್ರ ಈ ಎರಡೂ ಕೆಲಸಗಳಿಗೆ ಬೇರೆ ಧಾತುಗಳನ್ನು ಹಿಡಿದಿದೆ. ರಕ್ತಸಂಬಂಧದಲ್ಲಿ ಕನ್ನಡಕ್ಕೆ ತೆಲುಗಿಗಿಂತ ತಮಿಳೇ ಹತ್ತಿರ. ಆದುದರಿಂದ ಈ ಪ್ರಯೋಗವು ತಾಯಿಯಿಂದ ಬಂದುದಲ್ಲ, ಕನ್ನಡ ತೆಲುಗುಗಳು ಒಂದೇ ಅರಸರ ಆಳಿಕೆಯಲ್ಲಿ, ಒಂದೇ ಗಡಿಯಲ್ಲಿ ಶತಮಾನಗಳ ಕಾಲ ಒಟ್ಟಿಗೆ ಬಾಳಿ ಹಂಚಿಕೊಂಡದ್ದು ಎಂದು ನಮ್ಮ ಅಭಿಪ್ರಾಯ. ನೆರೆಹೊರೆಯೂ ಭಾಷೆಯನ್ನು ಬೆಳೆಸುತ್ತದೆ.

ಪತ್ರದ ತುದಿಯಲ್ಲಿ ಅವರು, ಬರಹ, ಬರಗಾಲ ಎಂಬ ಶಬ್ದಗಳೂ ಇದೇ ಧಾತುವಿನವೆ ಎಂದು ಕೇಳಿದ್ದಾರೆ. ಅಲ್ಲ. ಬರಹವು ‘ಬರೆ’ ಎಂಬ ಬೇರೆ ಧಾತುವಿನದು. ಬರಗಾಲದ ‘ಬರ’ವನ್ನು ಹಳಗನ್ನಡದಲ್ಲಿ ಶಕಟರೇಫದಿಂದ ‘ಬಱ’ ಎಂದು ಬರೆಯುತ್ತಿದ್ದರು. ಒಣಗು ಎಂಬ ಅರ್ಥದ ತಮಿಳಿನ ‘ವಱ’ ಅದರ ಜ್ಞಾತಿ. ಱಕಾರವು ಬರವಣಿಗೆಯಿಂದ ಮರೆಯಾದ ಮೇಲೆ, ಮಳೆ ‘ಬರ’ದಿದ್ದುದರಿಂದ ‘ಬರ’ ಎಂಬ ವಿನೋದದ ವ್ಯುತ್ಪತ್ತಿಗಳು ಹುಟ್ಟಿಕೊಂಡವು.

ಕೊನೆಯದಾಗಿ, ವಚನಗಳನ್ನು ನಿತ್ಯ ಓದುವ ಮನೆಗಳವರು ಗಮನಿಸಬೇಕಾದ ಅಂಶವೊಂದಿದೆ. ಇಂದಿನ ಕನ್ನಡದಲ್ಲಿ ‘ಬಾರದು’ ಎಂಬುದು ಬಹುಮಟ್ಟಿಗೆ ನಿಷೇಧವಾಚಕ: ಸುಳ್ಳು ಹೇಳಬಾರದು, ಬಿಸಿಲಲ್ಲಿ ತಿರುಗಬಾರದು. ಹನ್ನೆರಡನೆಯ ಶತಮಾನದ ಕನ್ನಡದಲ್ಲಿ ಅದರ ಮೂಲಾರ್ಥ ಇನ್ನೂ ಹಸಿಯಾಗಿತ್ತು. ‘ಕಾಣಬಾರದು’ ಎಂದರೆ ಕಾಣಲು ಬಾರದು, ಕಣ್ಣಿಗೆ ನಿಲುಕದು. ‘ಅರಿಯಬಾರದು’ ಎಂದರೆ ಅರಿವಿಗೆ ಎಟುಕದು. ‘ನುಡಿಯಬಾರದು’ ಎಂದರೆ ನುಡಿಗೆ ಸಿಲುಕದು. ನಿಷೇಧದ ಅರ್ಥವೂ ಆಗ ಇರಲಿಲ್ಲವೆಂದಲ್ಲ. ಸಂದರ್ಭವನ್ನು ನೋಡಿ ನಿರ್ಧರಿಸಬೇಕಾಗುತ್ತದೆ. ಕೆಲವು ವರ್ಷಗಳ ಹಿಂದೆ ಶಿವಾನುಭವ ಗೋಷ್ಠಿಯೊಂದರಲ್ಲಿ ಬುದ್ಧಿವಂತನಾದ ತರುಣನೊಬ್ಬನು ಎದ್ದುನಿಂತು, “ಎಲ್ಲರಿಗೂ ಬಾಗಿಲು ತೆರೆದ ಶರಣರು ಪರವಸ್ತುವನ್ನು ಕಾಣಬಾರದು, ಅರಿಯಬಾರದು ಎಂದು ಏಕೆ ಕಟ್ಟಳೆ ಮಾಡಿದರು?” ಎಂದು ಪ್ರಶ್ನಿಸಿದನು. ಸಭೆಯಲ್ಲಿ ಕೆಲವರು ಅವನನ್ನು ಗದರಿದರು. ಗದರಿದವರೂ ಆ ಶಬ್ದವನ್ನು ಕಟ್ಟಳೆಯೆಂದೇ ತಿಳಿದಿದ್ದರೆಂಬುದು ಅವರ ಸಮರ್ಥನೆಯಿಂದ ಗೊತ್ತಾಗುತ್ತಿತ್ತು. ಶರಣರು ಅಲ್ಲಿ ಬೇಲಿ ಹಾಕಿರಲಿಲ್ಲ, ಇಂದ್ರಿಯಗಳ ಮತ್ತು ಮಾತಿನ ಮಿತಿಯನ್ನು ಹೇಳುತ್ತಿದ್ದರು. ಮನೆಯಲ್ಲಿ ಮಕ್ಕಳಿಗೆ ವಚನದ ಅರ್ಥ ಹೇಳುವ ತಾಯಂದಿರು ‘ಬಾರದು’ ಎಂಬ ಪದ ಎದುರಾದಲ್ಲೆಲ್ಲ ಒಂದು ಸಲ ‘ಕೂಡದು’ ಎಂದೂ, ಒಂದು ಸಲ ‘ಆಗದು’ ಎಂದೂ ಓದಿ, ಯಾವುದು ಹೊಂದುವುದೆಂದು ಪರಿಶೀಲಿಸಬೇಕಾಗಿ ವಿನಂತಿ. ಕಿಟ್ಟೆಲ್ ನಿಘಂಟು ಹತ್ತಿರದ ಗ್ರಂಥಾಲಯದಲ್ಲಿ ದೊರೆತರೆ ‘ಬರ್’ ಎಂಬಲ್ಲಿ ತೆರೆದು ನೋಡಬಹುದು.

‘ಬಾ’ದ ಅವಳಿಯಾದ ‘ತಾ’ ಎಂಬುದನ್ನೂ, ಅದಕ್ಕೂ ‘ಕೊಡು’ ಎಂಬುದಕ್ಕೂ ಇರುವ ಅಂತರವನ್ನೂ ಮುಂದಿನ ಸಂಚಿಕೆಯಲ್ಲಿ ವಿಚಾರಿಸೋಣ.